ಪ್ರಾಸಕ್ಕೆ ಇಲಾಖೆಯ ಅನುಮೋದನೆ ಪಡೆಯತಕ್ಕದ್ದು

ಪ್ಲಾಸ್ಟಿಕ್ ಇರಲಿ, ಮತದಾನ ಇರಲಿ, ಹೆಲ್ಮೆಟ್ ಇರಲಿ, ಈಗ ಯಾವ ಜಾಗೃತಿಯೂ ರ‍್ಯಾಪ್ ಇಲ್ಲದೆ ಮೂಡುವುದಿಲ್ಲ. ಯುವಜನರನ್ನು ತಲುಪಬೇಕಲ್ಲ! ಹೀಗಾಗಿ ಇಲಾಖೆಯ ಜಾಗೃತಿ ರ‍್ಯಾಪ್ ತಯಾರಿಕೆಯ ಕ್ರಮ ಎಲ್ಲರಿಗೂ ಗೊತ್ತಿರುವುದು ಒಳ್ಳೆಯದು.

ಮೊದಲು ಉದ್ಘಾಟನಾ ಭಾಷಣ. ರ‍್ಯಾಪ್ ಹುಟ್ಟಿದ್ದು ನಮ್ಮಲ್ಲೇ, 12ನೇ ಶತಮಾನದಲ್ಲೇ, ವಚನಕಾರರೇ ಮೊದಲ ರ‍್ಯಾಪರ್‌ಗಳು ಎಂಬ ಸಾಲು ಅದರಲ್ಲಿ ಕಡ್ಡಾಯ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿಯ ಪಾರ್ಟಿಗೆ ರೆಕಾರ್ಡು ಹಾಕಿ, ರ‍್ಯಾಪ್‌ನ ತವರಾದ ಹಿಪ್‌ಹಾಪ್‌ಗೆ ನಾಂದಿ ಹಾಡಿದ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್‌ಗೆ ಅನುಭವ ಮಂಟಪದ ವಿಳಾಸ ಕೊಟ್ಟವರು ಯಾರೆಂದು ಕೇಳಬಾರದು. ವಚನ ತಾಳಕ್ಕೆ ಕಟ್ಟಿದ ಪದ್ಯವಲ್ಲ, ಲಯವುಳ್ಳ ಗದ್ಯ ಎಂದು ಗೊಣಗುವ ಕನ್ನಡ ಮೇಷ್ಟ್ರನ್ನು ಹಿಂದಿನ ಸಾಲಿಗೆ ಕಳಿಸಬೇಕು.

ನೆಂಟಸ್ತನ ಹುಡುಕಲೇಬೇಕೆಂದರೆ ಉತ್ತರ ಕರ್ನಾಟಕದ ಗೀಗೀ ಮೇಳಗಳಿವೆ. ಅವುಗಳ ಎರಡು ಪಂಗಡಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು ದಪ್ಪು ಬಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಎದ್ದು ನಿಲ್ಲುತ್ತಾರೆ. ಒಂಟಿ ತಂತಿಯ ತುಂತುಣಿ ನಿಲ್ಲುವ ಮೊದಲೇ ಸವಾಲಿಗೆ ಜವಾಬು ಬರಬೇಕು. ರ‍್ಯಾಪ್ ಬ್ಯಾಟಲ್‌ಗೆ ಇದಕ್ಕಿಂತ ಹತ್ತಿರದ ಸಂಬಂಧಿ ನಮ್ಮಲ್ಲಿಲ್ಲ. ತೊಂದರೆ ಏನೆಂದರೆ, ಜವಾಬು ಕೇಳುವ ಕಲೆಗೆ ಇಂಥ ವೇದಿಕೆಯಲ್ಲಿ ಯಾವಾಗಲೂ ಸಮಯದ ಅಭಾವ.

ಇನ್ನು ಸಾಹಿತ್ಯ. 90 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 90 ಬೀಟಿನ ವೇಗದಲ್ಲಿ, ಒಂದು ಬಾರ್ ಅಂದರೆ ನಾಲ್ಕು ಬೀಟು, ಸುಮಾರು 2.7 ಸೆಕೆಂಡು. ಅದರಲ್ಲಿ ಅಕ್ಷರ ಕೂರಿಸಲು ಬೀಟಿಗೆ ನಾಲ್ಕರಂತೆ 16 ಮನೆ. ನಾಲ್ಕು ಮಾತ್ರೆಯ ನಾಲ್ಕು ಗಣಗಳ ಮಂದಾನಿಲ ರಗಳೆಗೂ 16 ಮಾತ್ರೆಯೇ. ಹರಿಹರನ ಜಾಡಿನಲ್ಲಿ ಬರೆದರೆ ಬೀಟಿನ ಮೇಲೆ ತಾನಾಗಿ ಓಡುತ್ತದೆ. ಆದರೆ ಕಡತದಲ್ಲಿ ಬರುವ ಸಾಲು ಹೀಗಿರುತ್ತದೆ: 'ಸಂಬಂಧಪಟ್ಟ ಇಲಾಖೆಯ ಅನುಮೋದನೆಯ ಮೇರೆಗೆ'. 24 ಮಾತ್ರೆ! ದೀರ್ಘ, ಒತ್ತು, ಸೊನ್ನೆಗಳನ್ನೆಲ್ಲ ತುಳಿದು ಹಾಡಿದರೂ 18 ಅಕ್ಷರ. ಕೊನೆಯ 'ರೆಗೆ' ಮುಂದಿನ ಬಾರ್‌ಗೆ ಉರುಳಿಬಿಡುತ್ತದೆ. ರೆಗೆ ಸಂಗೀತ ಕೊಟ್ಟ ಜಮೈಕಾದ ಋಣ ಅಷ್ಟಾದರೂ ತೀರಿತು.

ಪ್ರಾಸದ ಚಿಂತೆ ಬೇಡ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉಳಿಸಬೇಕು, ಬೆಳೆಸಬೇಕು, ಅಳಿಸಬೇಕು ಎಂದು 16 ಬಾರ್‌ಗಳನ್ನೂ ದಾಟಿಸಬಹುದು. ಕಸುಬು ಬಲ್ಲ ಹುಡುಗರು ಕ್ರಿಯಾಪದವನ್ನು ಸಾಲಿನೊಳಕ್ಕೆ ಎಳೆದು, ಕೊನೆಗೆ ನಾಮಪದ ನಿಲ್ಲಿಸಿ, ಎರಡು ಮೂರು ಅಕ್ಷರದ ಪ್ರಾಸ ಹೆಣೆಯುತ್ತಾರೆ. ಅಂಥವರ ಕೊಟೇಶನ್ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ.

ಧ್ವನಿವರ್ಧಕದ್ದು ಬೇರೆಯೇ ಕಥೆ. ಟ್ರ್ಯಾಕಿನಲ್ಲಿರುವ 808 ಕಿಕ್ಕಿನ (ಡ್ರಮ್ ಯಂತ್ರದ ದಪ್ಪ ಪೆಟ್ಟಿನ) ಜೀವ ಇರುವುದು 50 ಹರ್ಟ್ಸ್ ಆಸುಪಾಸಿನಲ್ಲಿ. ಕಂಬಕ್ಕೆ ಕಟ್ಟಿದ ಹಾರ್ನಿಗೆ 200ರ ಕೆಳಗೆ ಉಸಿರೇ ಇಲ್ಲ. ಎದೆ ನಡುಗಿಸಬೇಕಾದದ್ದು ಬೆರಳಚ್ಚು ಯಂತ್ರದಂತೆ ಟಕ್ ಟಕ್ ಎನ್ನುತ್ತದೆ. ಅಷ್ಟರಲ್ಲಿ ಗಾಯಕ ವಿಡಿಯೋದಲ್ಲಿ ಕಂಡಂತೆ ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಾನೆ. ಮೈಕಿನ ಹಿಂಬದಿಯ ಕಿಂಡಿಗಳು ಮುಚ್ಚಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ, ಗಾಯಕನ ಕಡೆಗೇ ಮುಖಮಾಡಿದ ಮಾನಿಟರ್ ಸ್ಪೀಕರಿನ ಸದ್ದನ್ನೂ, ನುಂಗತೊಡಗುತ್ತದೆ. ಮಾತು ಮಂಕಾಗಿ ಕೀರಲು ಸಿಳ್ಳೆ ಏಳುತ್ತದೆ. ಸಭಿಕರು ಅದನ್ನೂ ಹಾಡಿನ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟುತ್ತಾರೆ.

ಕಡೆಯದಾಗಿ ಪರಿಶೀಲನೆ. ಎರಡನೇ ವರ್ಸಿನಲ್ಲಿ, ಅಂದರೆ ಚರಣದಲ್ಲಿ, ರಸ್ತೆಗುಂಡಿಯ ಪ್ರಸ್ತಾಪವಿದ್ದರೆ ಆ ವರ್ಸು ತೆಗೆದು, ಖಾಲಿಯಾದ ಜಾಗದಲ್ಲಿ ವೇದಿಕೆಯ ಗಣ್ಯರ ಹೆಸರು ಪ್ರೋಟೋಕಾಲ್ ಪ್ರಕಾರ ತುಂಬಬೇಕು. ಹುದ್ದೆ ಸಮೇತ ತಲೆಗೊಂದು ಬಾರ್. ಒಂಬತ್ತು ಗಣ್ಯರಿಗೆ 24 ಸೆಕೆಂಡು. 'ಮಾನ್ಯ' ಎಂಬುದು ಒಂಬತ್ತು ಸಲವೂ ಮೊದಲ ಬೀಟಿಗೇ ಸರಿಯಾಗಿ ಬೀಳುತ್ತದೆ. ಇಡೀ ಹಾಡಿನಲ್ಲಿ ತಾಳ ತಪ್ಪದ ಜಾಗ ಅದೊಂದೇ.