ಹೊರಡುವ ಹಿಂದಿನ ಸಂಜೆ ಆಡಬೇಕಾದ ಮಾತು

ಗೆಳೆಯನೊಡನೆ ಬೈಕಿನಲ್ಲಿ ದೂರ ಹೋಗುವ ಯೋಚನೆ ಬಂದರೆ ನಮ್ಮಲ್ಲಿ ಮೊದಲು ಚರ್ಚೆಯಾಗುವುದು ಯಾವ ದಾರಿ, ಎಷ್ಟು ದಿನ, ಯಾರ ಬೈಕಿಗೆ ಸರ್ವಿಸ್ ಆಗಿದೆ ಎಂಬಂಥ ಸಂಗತಿಗಳು. ಇವು ತೀರ್ಮಾನವಾದ ಮೇಲೆ ನಸುಕಿನಲ್ಲಿ ಎದ್ದು ಹೊರಡುವುದೊಂದೇ ಬಾಕಿ. ನಾನು ಬಹುಕಾಲದಿಂದ ದಕ್ಷಿಣ ಜರ್ಮನಿಯಲ್ಲಿ ನೆಲೆಸಿದ್ದು, ಬೇಸಿಗೆಯಲ್ಲಿ ಅಲ್ಲಿನ ಸಹೋದ್ಯೋಗಿಯೊಬ್ಬರ ಜೊತೆ ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ಸವಾರಿ ಮಾಡುತ್ತೇನೆ. ರಜೆಗೆ ಊರಿಗೆ ಬಂದಾಗ ಕಾಲೇಜಿನ ಗೆಳೆಯನ ಜೊತೆ ಮಲೆನಾಡಿನ ಘಾಟಿಗಳನ್ನು ಇಳಿಯುತ್ತೇನೆ. ಎರಡು ಕಡೆಯ ರೀತಿಗಳನ್ನು ಹೋಲಿಸಿ ನೋಡಿದಾಗ, ರಸ್ತೆಯ ಗುಣಮಟ್ಟಕ್ಕಿಂತ, ಬೈಕಿನ ಶಕ್ತಿಗಿಂತ ದೊಡ್ಡ ವ್ಯತ್ಯಾಸ ಕಂಡದ್ದು ಹೊರಡುವ ಹಿಂದಿನ ಸಂಜೆ ಇಬ್ಬರು ಸವಾರರು ಏನು ಮಾತಾಡಿಕೊಳ್ಳುತ್ತಾರೆ ಎಂಬುದರಲ್ಲಿ. ಈ ಮಾತುಕತೆ ನಮ್ಮ ಸವಾರರಿಗೆ ಅಲ್ಲಿಯವರಿಗಿಂತ ಹೆಚ್ಚು ಅಗತ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಸಹೋದ್ಯೋಗಿ ಹಿಂದಿನ ಸಂಜೆ ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಾರೆ. ಎಷ್ಟು ಹೊತ್ತಿಗೊಮ್ಮೆ ನಿಲ್ಲಬೇಕು, ಯಾರು ಮುಂದೆ, ಯಾರ ಟ್ಯಾಂಕು ಬೇಗ ಬರಿದಾಗುತ್ತದೆ, ಮಳೆ ಬಂದರೆ ಯಾವ ಊರಿನಲ್ಲಿ ತಂಗಬಹುದು ಎಂದು ಒಂದೊಂದಾಗಿ ಕೇಳುತ್ತಾರೆ. ಅವರು ಎಂದೂ ಬಿಡದ ಪ್ರಶ್ನೆ ಇದು: ಇಬ್ಬರೂ ಬೇರ್ಪಟ್ಟರೆ ಏನು ಮಾಡುವುದು? ಅದಕ್ಕೆ ಅವರದೇ ಆದ ಉತ್ತರವಿದೆ. ದಾರಿ ಕವಲೊಡೆಯುವ ಪ್ರತಿಯೊಂದು ಜಾಗದಲ್ಲೂ ಮುಂದಿನವನು, ಹಿಂದಿನವನ ಹೆಡ್‌ಲೈಟು ತನ್ನ ಕನ್ನಡಿಯಲ್ಲಿ ಕಾಣುವ ತನಕ ತಿರುಗುವುದಿಲ್ಲ. ನೇರ ರಸ್ತೆಯಲ್ಲಿ ಎಷ್ಟೇ ಅಂತರವಾದರೂ ಚಿಂತೆಯಿಲ್ಲ, ಕವಲಿನಲ್ಲಿ ಮಾತ್ರ ಕಾಯಲೇಬೇಕು. ಹಿಂದಿನವನಿಗೆ ಮುಂದಿನವನು ಕಾಣದೆ ಹೋದರೆ ಅವನು ಹುಡುಕುತ್ತಾ ಅಡ್ಡದಾರಿ ಹಿಡಿಯುವಂತಿಲ್ಲ, ಗೊತ್ತುಮಾಡಿಕೊಂಡ ದಾರಿಯಲ್ಲೇ ಸಾಗಬೇಕು. ಇಷ್ಟು ಮಾತಾದರೆ ಹಿಂದಿನವನಿಗೆ ಮುಂದಿನವನನ್ನು ಹಿಡಿಯಲು ವೇಗ ಹೆಚ್ಚಿಸುವ ಆತುರವೇ ಇರುವುದಿಲ್ಲ. ತನ್ನ ವೇಗದಲ್ಲಿ ಹೋದರೂ ಮುಂದಿನ ಕವಲಿನಲ್ಲಿ ಗೆಳೆಯ ನಿಂತಿರುತ್ತಾನೆ ಎಂದು ಅವನಿಗೆ ಗೊತ್ತಿರುತ್ತದೆ. ಇಬ್ಬರ ಸವಾರಿಯಲ್ಲಿ ಅನೇಕ ಅನಾಹುತಗಳ ಮೂಲ ಈ ಹಿಡಿಯುವ ಆತುರವೇ ಎಂಬುದನ್ನು ದೂರದ ಸವಾರಿ ಮಾಡಿದ ಯಾರಾದರೂ ಒಪ್ಪುತ್ತಾರೆ.

ಊರಿನ ಗೆಳೆಯನೊಡನೆ ಇದೇ ಮಾತನ್ನು ಎತ್ತಿದಾಗ ಅವನು, "ಏನೋ, ಇಷ್ಟು ವರ್ಷ ಜೊತೆಗೆ ಓಡಾಡಿದ್ದೀವಿ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ. ಅವನ ಪ್ರಶ್ನೆಯಲ್ಲಿ ನಮ್ಮ ಸ್ನೇಹದ ಸ್ವಭಾವವೇ ಇದೆ. ಗೆಳೆಯರ ನಡುವೆ ಕರಾರು ಮಾಡಿಕೊಳ್ಳುವುದು ನಮಗೆ ಸಂಕೋಚದ ವಿಷಯ. ಹೇಳದೆಯೇ ಅರ್ಥವಾಗಬೇಕು ಎಂಬುದು ನಮ್ಮ ನಿರೀಕ್ಷೆ. ಮನೆಯಲ್ಲಿ, ಮದುವೆಯಲ್ಲಿ, ಕಷ್ಟಕಾಲದಲ್ಲಿ ಈ ನಿರೀಕ್ಷೆ ಎಷ್ಟೋ ಸಲ ನಿಜವೂ ಆಗುತ್ತದೆ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಹೆಲ್ಮೆಟ್ಟಿನೊಳಗೆ, ಗಾಳಿಯ ಸದ್ದಿನ ನಡುವೆ ಒಬ್ಬನ ಮನಸ್ಸಿನಲ್ಲಿರುವುದು ಇನ್ನೊಬ್ಬನಿಗೆ ಅರ್ಥವಾಗುವ ಮಾರ್ಗವೇ ಇಲ್ಲ. ನಂಬಿಕೆ ಇರುವುದರಿಂದಲೇ ಮಾತಾಡಿಕೊಳ್ಳಬೇಕು ಎಂದು ನಾನು ಅವನಿಗೆ ಹೇಳಿದೆ, ಇಲ್ಲಿಯೂ ಅದನ್ನೇ ಹೇಳುತ್ತಿದ್ದೇನೆ.

ಅಲ್ಲಿ ರಸ್ತೆ ಚೆನ್ನಾಗಿದೆ, ಶಿಸ್ತಿದೆ, ಆದ್ದರಿಂದ ಇದೆಲ್ಲ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ ಎಂಬ ವಾದವನ್ನು ಪ್ರತಿ ಸಲ ಕೇಳುತ್ತೇನೆ. ನನ್ನ ಪ್ರಕಾರ ವಾದ ಇದಕ್ಕೆ ತಿರುವುಮುರುವಾಗಬೇಕು. ಜರ್ಮನಿಯಲ್ಲಿ ಇಬ್ಬರು ಸವಾರರು ಏನೂ ಮಾತಾಡಿಕೊಳ್ಳದೆ ಹೊರಟರೂ ಅವರ ಪರವಾಗಿ ಕಾನೂನು ಮತ್ತು ತರಬೇತಿ ಮೊದಲೇ ಬಹಳಷ್ಟನ್ನು ನಿರ್ಧರಿಸಿಟ್ಟಿರುತ್ತವೆ. ಅಲ್ಲಿ ದೊಡ್ಡ ಬೈಕಿನ ಲೈಸೆನ್ಸ್ ಹೊಸದಾಗಿ ಪಡೆಯುವವನು ಉಳಿದ ಪಾಠಗಳಲ್ಲದೆ ಊರ ಹೊರಗಿನ ರಸ್ತೆಯಲ್ಲಿ 5, ವೇಗದ ಹೆದ್ದಾರಿಯಲ್ಲಿ 4, ಕತ್ತಲಲ್ಲಿ 3 ವಿಶೇಷ ಸವಾರಿ ಪಾಠಗಳನ್ನು ಶಿಕ್ಷಕರ ಕಣ್ಣೆದುರು ಮುಗಿಸಬೇಕು. ತುರ್ತು ಬ್ರೇಕ್ ಹಾಕುವುದು, ಎದುರಾದ ಅಡೆತಡೆಯಿಂದ ಪಕ್ಕಕ್ಕೆ ತಪ್ಪಿಸಿಕೊಳ್ಳುವುದು ಪರೀಕ್ಷೆಯ ಭಾಗ. ಪ್ರಥಮ ಚಿಕಿತ್ಸೆಯ ತರಗತಿ ಮುಗಿಸದೆ ಲೈಸೆನ್ಸ್ ಕೈಗೆ ಬರುವುದಿಲ್ಲ. ವಾಹನಗಳು ರಸ್ತೆಯ ಬಲಗಡೆ ಚಲಿಸುವ ಆ ದೇಶದಲ್ಲಿ ಊರ ಹೊರಗೆ ಬಲಗಡೆಯಿಂದ ಯಾರೂ ಓವರ್‌ಟೇಕ್ ಮಾಡುವಂತಿಲ್ಲ, ಆದ್ದರಿಂದ ಸವಾರನಿಗೆ ಅಪಾಯ ಯಾವ ಕಡೆಯಿಂದ ಬರಬಹುದು ಎಂಬ ಅಂದಾಜಾದರೂ ಇರುತ್ತದೆ. ನಮ್ಮಲ್ಲಿ ಎಂಟರ ಆಕಾರದಲ್ಲಿ ಬೈಕು ತಿರುಗಿಸಿ, ಕಾಲು ನೆಲಕ್ಕೆ ತಾಗಿಸದೆ ಬಂದರೆ ಬಹುಪಾಲು ಪರೀಕ್ಷೆ ಮುಗಿಯಿತು. ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದಲೇ ಟ್ರ್ಯಾಕ್ಟರ್ ಬರಬಹುದು, ಡಿವೈಡರಿನ ಸಂದಿಯಿಂದ ದನ ಇಳಿಯಬಹುದು, ಬಣ್ಣ ಬಳಿಯದ ಹಂಪ್ ಸೇತುವೆಯ ತುದಿಯಲ್ಲಿ ಕಾದಿರಬಹುದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಪಾಲು ದ್ವಿಚಕ್ರ ವಾಹನದಲ್ಲಿದ್ದವರು. ರಸ್ತೆ ನಮ್ಮನ್ನು ಕಾಯದಿರುವ ಕಡೆಯಲ್ಲಿ ಗೆಳೆಯರಿಬ್ಬರು ಒಬ್ಬರನ್ನೊಬ್ಬರು ಕಾಯುವ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳದಿದ್ದರೆ ಇನ್ನಾರು ಮಾಡಬೇಕು?

ಅಂತರದ ವಿಷಯವನ್ನೇ ನೋಡಿ. ನಮ್ಮ ಹೆದ್ದಾರಿಗಳಲ್ಲಿ ಇಬ್ಬರು ಗೆಳೆಯರು ಅಕ್ಕಪಕ್ಕದಲ್ಲಿ ಬೈಕು ಓಡಿಸುತ್ತಾ, ಮಾತಾಡುತ್ತಾ ಹೋಗುವ ದೃಶ್ಯ ಸಾಮಾನ್ಯ. ಅದರ ಸೊಗಸು ನನಗೂ ಗೊತ್ತು. ಆದರೆ ಹಾಗೆ ಹೋಗುವಾಗ ಗುಂಡಿ ಎದುರಾದರೆ ಒಬ್ಬನಿಗೆ ತಪ್ಪಿಸಿಕೊಳ್ಳಲು ಇರುವ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಜರ್ಮನಿಯಲ್ಲಿ ಕಲಿಸುವ ಸರಳ ಲೆಕ್ಕವೊಂದಿದೆ: ಸ್ಪೀಡೋಮೀಟರ್ ತೋರಿಸುವ ಅಂಕಿಯ ಅರ್ಧದಷ್ಟು ಮೀಟರ್ ಅಂತರ ಮುಂದಿನ ವಾಹನದಿಂದ ಇರಬೇಕು. ಗಂಟೆಗೆ 100 ಕಿಲೋಮೀಟರ್ ವೇಗವಿದ್ದರೆ 50 ಮೀಟರ್, 80 ಇದ್ದರೆ 40 ಮೀಟರ್. ಇದು ಅತಿಯಾದ ಎಚ್ಚರಿಕೆಯಲ್ಲ. 90ರ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 25 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡದ್ದು ಮನಸ್ಸಿಗೆ ತಿಳಿದು ಬೆರಳು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಆ ಸೆಕೆಂಡು ಕಳೆದೇ ಹೋಗಿರುತ್ತದೆ. ಇಬ್ಬರೂ ಒಂದೇ ಗೆರೆಯಲ್ಲಿ ಹೋಗದೆ, ಮುಂದಿನವನು ಲೇನಿನ ಒಂದು ಬದಿಗೆ, ಹಿಂದಿನವನು ಇನ್ನೊಂದು ಬದಿಗೆ ಇದ್ದರೆ ಹಿಂದಿನವನಿಗೆ ಮುಂದಿನ ರಸ್ತೆ ಕಾಣುತ್ತದೆ, ಮುಂದಿನವನ ಕನ್ನಡಿಯಲ್ಲಿ ಹಿಂದಿನವನೂ ಕಾಣುತ್ತಾನೆ. ಎಡಗಡೆ ಚಲಿಸುವ ನಮ್ಮ ದೇಶದಲ್ಲಿ ಮುಂದಿನವನು ಲೇನಿನ ಬಲಬದಿಗೆ ಇರುವುದು ಸರಿ. ತಿರುವು ಬಂದಾಗ ಮಾತ್ರ ಈ ಜೋಡಣೆ ಬಿಟ್ಟು ಒಬ್ಬನ ಹಿಂದೆ ಒಬ್ಬ, ಇನ್ನೂ ಹೆಚ್ಚು ಅಂತರದಲ್ಲಿ. ಗುಂಡಿ ಕಂಡರೆ ಮುಂದಿನವನು ಆ ಕಡೆಯ ಕಾಲನ್ನು ಹೊರಚಾಚಿ ತೋರಿಸುವುದು, ನಿಲ್ಲಬೇಕಾದರೆ ಎಡಗೈ ಕೆಳಗೆ ಮಾಡುವುದು, ಇಂಥ ಎರಡು ಮೂರು ಸನ್ನೆಗಳು ಸಾಕು. ಹೆಚ್ಚಾದರೆ ನೆನಪಿರುವುದಿಲ್ಲ.

ಘಾಟಿಯ ರೀತಿ ಬೇರೆ, ಅಲ್ಲಿ ನಾವು ಕೀಳರಿಮೆಪಡಬೇಕಾದ್ದಿಲ್ಲ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ 1935ರಲ್ಲಿ ತೆರೆದದ್ದು. 48 ಕಿಲೋಮೀಟರ್ ಉದ್ದ, 36 ಹೇರ್‌ಪಿನ್ ತಿರುವುಗಳು, ಮುಖ್ಯ ರಸ್ತೆಯ ಅತಿ ಎತ್ತರದ ಜಾಗ 2,504 ಮೀಟರ್. ಪ್ರತಿ ತಿರುವಿನಲ್ಲೂ ಅದರ ಸಂಖ್ಯೆ ಮತ್ತು ಎತ್ತರವನ್ನು ಬರೆದ ಫಲಕವಿರುತ್ತದೆ. ಆಗುಂಬೆಯ 14 ತಿರುವುಗಳು ಎತ್ತರದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ಸವಾರನ ಕೌಶಲಕ್ಕೆ ಒಡ್ಡುವ ಪರೀಕ್ಷೆಯಲ್ಲಿ ಅವು ಕಡಿಮೆಯಲ್ಲ ಎಂದೇ ನನಗನಿಸುತ್ತದೆ. ಅಷ್ಟು ಇಕ್ಕಟ್ಟಿನ ತಿರುವಿನಲ್ಲಿ ಬಸ್ಸು ಪೂರ್ತಿ ರಸ್ತೆಯನ್ನು ಬಳಸಿಯೇ ತಿರುಗಬೇಕು, ಬೈಕಿನವನು ಮೊದಲೇ ನಿಂತು ಜಾಗ ಬಿಡಬೇಕು. ಸ್ವಿಟ್ಜರ್ಲೆಂಡಿನಲ್ಲಿಯೂ ಹೀಗೆಯೇ: ಅಂಚೆ ರಸ್ತೆ ಎಂದು ಗುರುತು ಹಾಕಿದ ಬೆಟ್ಟದ ದಾರಿಗಳಲ್ಲಿ ಅಂಚೆ ಸಂಸ್ಥೆಯ ಹಳದಿ ಬಸ್ಸು ಮೂರು ಸ್ವರದ ಹಾರ್ನ್ ಊದುತ್ತಾ ಬರುತ್ತದೆ, ಅದರ ಚಾಲಕ ತೋರಿದಂತೆ ಉಳಿದವರು ನಡೆದುಕೊಳ್ಳಬೇಕು. ಹಾರ್ನ್ ಎಂದರೆ ಅನಾಗರಿಕತೆ ಎಂದು ಹೊರದೇಶ ಕಂಡ ನಮ್ಮವರು ಕೆಲವರು ಹೇಳುವುದುಂಟು. ಕುರುಡು ತಿರುವಿಗೆ ಮೊದಲು ಊದಿದ ಒಂದು ಹಾರ್ನ್ ಅಗತ್ಯವಾದ ಮಾತು. ನಗರದ ಸಿಗ್ನಲ್ಲಿನಲ್ಲಿ ಊದಿದ್ದು ಬೇರೆಯೇ ವಿಷಯ. ಇಕ್ಕಟ್ಟಾದ ಏರುದಾರಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮ ನಮ್ಮಲ್ಲಿಯೂ ಇದೆ, ಅದು ಹಲವರಿಗೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಕತ್ತಲಲ್ಲಿ ಸವಾರಿ ಮಾಡುವ ನಮ್ಮ ಅಭ್ಯಾಸದ ಬಗ್ಗೆ ಮಾತ್ರ ನನಗೆ ಯಾವ ರಾಜಿಯೂ ಇಲ್ಲ. ಬೆಂಗಳೂರಿನ ದಟ್ಟಣೆ ತಪ್ಪಿಸಲು ನಸುಕಿನಲ್ಲಿ ಹೊರಡುವುದು, ತಲುಪಲೇಬೇಕೆಂದು ರಾತ್ರಿ ಹತ್ತರವರೆಗೂ ಓಡಿಸುವುದು, ಇವೆರಡರ ನಡುವೆ ನಿದ್ದೆಗೆ ಉಳಿಯುವ ಹೊತ್ತು ಕಡಿಮೆ. ಕಬ್ಬು ಹೇರಿದ, ಹಿಂದೆ ದೀಪವಿಲ್ಲದ ಟ್ರಾಲಿ ಕತ್ತಲಲ್ಲಿ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದ ಆ ಕ್ಷಣದಲ್ಲಂತೂ ಅದೂ ಕಾಣುವುದಿಲ್ಲ. ನನ್ನ ಸಹೋದ್ಯೋಗಿ ದೀಪಗಳ ಗುಣಮಟ್ಟ ಇಷ್ಟು ಚೆನ್ನಾಗಿರುವ ದೇಶದಲ್ಲೇ ಮುಸ್ಸಂಜೆಗೆ ಮೊದಲು ತಂಗುದಾಣ ಸೇರಬೇಕೆನ್ನುತ್ತಾರೆ, ಏಕೆಂದರೆ ಆ ಹೊತ್ತಿನಲ್ಲಿ ಜಿಂಕೆಗಳು ರಸ್ತೆ ದಾಟುತ್ತವೆ.

ಇಷ್ಟಾದರೂ ನಮ್ಮ ರೀತಿಯಲ್ಲಿ ಒಂದು ಸಂಗತಿ ಇದೆ, ಅದನ್ನು ಅಲ್ಲಿ ಎಲ್ಲಿಯೂ ನಾನು ಅದೇ ಪ್ರಮಾಣದಲ್ಲಿ ಕಂಡಿಲ್ಲ. ಜರ್ಮನಿಯಲ್ಲಿ ಬೈಕು ಕೆಟ್ಟು ನಿಂತರೆ ವಾಹನ ಸವಾರರ ಸಂಘವಾದ ಎಡಿಎಸಿ‌ಗೆ ಫೋನು ಮಾಡಬೇಕು. ಹಳದಿ ಬಣ್ಣದ ಗಾಡಿ ಬಂದು ರಿಪೇರಿ ಮಾಡುತ್ತದೆ. ಈ ದೊಡ್ಡ ಸಂಘ 1903ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ್ದು ಮೋಟರ್‌ಸೈಕಲ್ ಸವಾರರ ಸಂಘವಾಗಿಯೇ ಎಂಬುದು ಅಲ್ಲಿನ ಅನೇಕರಿಗೂ ಹೊಸ ವಿಷಯ. ವ್ಯವಸ್ಥೆ ಅಚ್ಚುಕಟ್ಟು. ಆದರೆ ಗಾಡಿ ಬರುವ ತನಕ ರಸ್ತೆಬದಿಯ ಕಟ್ಟೆಯ ಮೇಲೆ ನಾವಿಬ್ಬರೇ. ನಮ್ಮಲ್ಲಿ ಚಿಕ್ಕಮಗಳೂರು ಜಿಲ್ಲೆಯ ತೋಟಗಳ ನಡುವಿನ ದಾರಿಯಲ್ಲಿ ಗೆಳೆಯನ ಬೈಕಿನ ಚೈನ್ ಕಳಚಿಕೊಂಡಾಗ, ಸ್ಟ್ಯಾಂಡ್ ಹಾಕಿ ಬಗ್ಗಿ ನೋಡುವಷ್ಟರಲ್ಲಿ ತೋಟದಿಂದ ಹಿರಿಯರೊಬ್ಬರು ಬಂದರು. ಹಿಂದಿನ ಚಕ್ರದ ನಟ್ಟನ್ನು ಸಡಿಲಿಸಿ, ಚಕ್ರವನ್ನು ತುಸು ಮುಂದಕ್ಕೆ ತಳ್ಳಿ, ಚೈನನ್ನು ಹಲ್ಲುಗಳ ಮೇಲೆ ಕೂರಿಸಿ, ಮತ್ತೆ ಚಕ್ರವನ್ನು ಹಿಂದಕ್ಕೆಳೆದು, ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಒತ್ತಿ ಸಡಿಲ ಎಷ್ಟಿದೆ ಎಂದು ನೋಡಿದ ಮೇಲೆಯೇ ಅವರು ನಟ್ಟನ್ನು ಬಿಗಿದದ್ದು. "ತೀರಾ ಬಿಗಿ ಮಾಡ್ಬೇಡಿ, ಇಬ್ಬರು ಕೂತಾಗ ಎಳೀತದೆ" ಎಂದು ಹೇಳಿ ಎಣ್ಣೆಯ ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಹೊರಟೇಬಿಟ್ಟರು. ಇಂಥ ನೆರವನ್ನು ಯಾವ ಸದಸ್ಯತ್ವವೂ ಕೊಡಲಾರದು, ಇದನ್ನು ನಾವು ಕಳೆದುಕೊಳ್ಳಬಾರದು.

ಆದರೆ ಅಪಘಾತದ ಹೊತ್ತಿನಲ್ಲಿ ಸೇರುವ ಜನರ ಒಳ್ಳೆಯ ಮನಸ್ಸು ಮಾತ್ರ ಸಾಲದು. ನೆರವಾಗಲು ಬಂದವರನ್ನು ಪೊಲೀಸು, ಕೋರ್ಟು ಎಂದು ಕಾಡಬಾರದೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ. ಹೇಗೆ ನೆರವಾಗಬೇಕೆಂಬುದನ್ನು ಕಲಿಯುವುದು ನಮಗೆ ಬಿಟ್ಟದ್ದು. ಪ್ರಜ್ಞೆ ತಪ್ಪಿದ ಸವಾರನ ಹೆಲ್ಮೆಟ್ ತೆಗೆಯಲು ಇಬ್ಬರಿರುವುದು ಒಳ್ಳೆಯದು: ಒಬ್ಬ ತಲೆ ಮತ್ತು ಕುತ್ತಿಗೆಯನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬ ಪಟ್ಟಿ ಬಿಚ್ಚಿ ನಿಧಾನವಾಗಿ ಹೆಲ್ಮೆಟ್ಟನ್ನು ಹೊರತೆಗೆಯಬೇಕು. ಬಿದ್ದವನು ನಮ್ಮಲ್ಲೊಬ್ಬನಾದರೆ ಉಳಿದವನು, ಓಡಿಬಂದ ಜನರಲ್ಲಿ ಒಬ್ಬರಿಗೆ ಕುತ್ತಿಗೆ ಹಿಡಿಯುವುದನ್ನು ಹೇಳಿಕೊಡುವಷ್ಟು ತಿಳಿದಿರಬೇಕು. 112ಕ್ಕೆ ಕರೆ ಮಾಡುವುದರ ಜೊತೆಗೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಎಂಬ ಸಂಖ್ಯೆಯೂ ಇದೆ ಎಂಬುದು ಇಬ್ಬರಿಗೂ ನೆನಪಿರಬೇಕು.

ಹಿಂದಿನ ಸಂಜೆಯ ಮಾತುಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇನ್ನೊಂದಿದೆ. ಇಬ್ಬರಲ್ಲಿ ಯಾರಾದರೂ ಇವತ್ತಿಗೆ ಸಾಕು ಎಂದರೆ ಅಲ್ಲಿಗೆ ನಿಲ್ಲಬೇಕು, ಕಾರಣ ಕೇಳಬಾರದು. ನಮ್ಮ ಗೆಳೆತನಗಳಲ್ಲಿ ಇದು ಕಷ್ಟ. ಸುಸ್ತಾಯಿತು ಎಂದವನನ್ನು ಹುರಿದುಂಬಿಸುವುದೇ ಸ್ನೇಹ ಎಂದು ನಾವು ತಿಳಿದಿದ್ದೇವೆ, ಸುಸ್ತಾದವನೂ ಅದಕ್ಕೆ ಅಂಜಿ ಬಾಯಿ ಬಿಡುವುದಿಲ್ಲ. ಊರಿನ ಗೆಳೆಯ ಮೊದಲು ಒಪ್ಪದಿದ್ದ ಈ ಮಾತನ್ನು ಮೊದಲು ಬಳಸಿಕೊಂಡವನು ಅವನೇ. ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಸೇರುವಾಗ ಮಳೆ ಜೋರಾಗಿತ್ತು. ಚಾರ್ಮಾಡಿ ಇಳಿದು ಉಜಿರೆಯಲ್ಲಿ ತಂಗುವುದೆಂದು ಗೊತ್ತುಮಾಡಿಕೊಂಡಿದ್ದೆವು, ಬೆಳಕೂ ಇನ್ನೂ ಇತ್ತು. ಅವನು ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ, "ಇವತ್ತಿಗೆ ಸಾಕು" ಎಂದ. ನಾನು ಏನೂ ಕೇಳಲಿಲ್ಲ. ಅಲ್ಲಿಯೇ ಕೋಣೆ ಹಿಡಿದೆವು, ಮರುದಿನ ಮಳೆ ಬಿಟ್ಟ ಮೇಲೆ ಘಾಟಿ ಇಳಿದೆವು. ಕಾರಣವನ್ನು ಅವನು ತಾನಾಗಿಯೇ ಹೇಳಿದ್ದು ಉಜಿರೆಯಲ್ಲಿ ಬೈಕು ನಿಲ್ಲಿಸಿದಾಗ: ಹಿಂದಿನ ದಿನ ಬೇಲೂರಿನಿಂದ ಮುಂದಕ್ಕೆ ಅವನ ಬಲಗೈ ಬೆರಳುಗಳು ಚಳಿಗೆ ಮರಗಟ್ಟಿ, ಮುಂದಿನ ಬ್ರೇಕನ್ನು ಎಷ್ಟು ಒತ್ತುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲವಂತೆ.