ಪಿಯಾನೊ ಹೇಳುವ ಅರ್ಧ ಕವಿತೆ

ವಿಯೆನ್ನಾಕ್ಕೆ ಬಂದ ಮೇಲೆ ನಾನು ಕೇಳಿದ ಮೊದಲ ಜರ್ಮನ್ ಲೀಡ್, ಸಂಗೀತ ರಚನೆಕಾರ ಶೂಬರ್ಟ್‌ನ ‘ಗ್ರೆಟ್‌ಶೆನ್ ಆಮ್ ಸ್ಪಿನ್‌ರಾಡೆ’. ರಾಟೆಯ ಮುಂದೆ ಕೂತ ಹುಡುಗಿಯ ಹಾಡು. ಮಾತು ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕದ್ದು. ‘ನನ್ನ ನೆಮ್ಮದಿ ಹೋಯಿತು, ಎದೆ ಭಾರವಾಗಿದೆ’ ಅಂತ ಶುರುವಾಗುತ್ತದೆ. ಲೀಡ್ ಅಂದರೆ ಇಷ್ಟೇ: ಕವಿತೆಗೆ ಸಂಗೀತ ಕೂಡಿಸಿ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಪಿಯಾನೊ ನುಡಿಸುತ್ತಾರೆ. ನಮ್ಮ ಭಾವಗೀತೆಗೆ ಹತ್ತಿರದ ನೆಂಟ ಇದು.

ಆದರೆ ಇಲ್ಲಿ ಪಿಯಾನೊ ಹಾಡಿನ ಬೆನ್ನ ಹಿಂದೆ ನಡೆಯುವುದಿಲ್ಲ. ಬಲಗೈ ಬಿಡದೆ ಸುತ್ತುತ್ತದೆ, ಅದು ಚಕ್ರ. ಎಡಗೈಯಲ್ಲಿ ಕಾಲಿಂದ ಒತ್ತುವ ಹಲಗೆಯ ಸದ್ದು. ಹುಡುಗಿ ತಾನು ಪ್ರೀತಿಸಿದವನ ನಡಿಗೆ, ನಗು, ಕಣ್ಣು ನೆನೆಯುತ್ತಾಳೆ. ಅವನು ಕೈ ಹಿಡಿದದ್ದು ನೆನಪಾಗುತ್ತದೆ. ‘ಅಯ್ಯೋ, ಅವನ ಮುತ್ತು!’ ಅನ್ನುತ್ತಾಳೆ. ಅಲ್ಲಿಗೆ ರಾಟೆ ನಿಂತೇ ಹೋಗುತ್ತದೆ. ಆಮೇಲೆ ತಡವರಿಸುತ್ತಾ ಒಂದಿಷ್ಟು ತಿರುಗಿ, ನಿಂತು, ಮತ್ತೆ ತಿರುಗುತ್ತದೆ. ಅವಳು ಕೆಲಸ ಮರೆತಳು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪಿಯಾನೊ ಹೇಳಿತು. 1814ರ ಅಕ್ಟೋಬರ್ 19ರಂದು ಇದನ್ನು ಬರೆದಾಗ ಶೂಬರ್ಟ್‌ಗೆ 17 ವರ್ಷ!

ಗಯಟೆಗೆ ಹಾಡಿನಲ್ಲಿ ಕವಿತೆಯೇ ಮುಂದಿರಬೇಕಿತ್ತು. ಎಲ್ಲ ನುಡಿಗೂ ಒಂದೇ ಸರಳ ಮಟ್ಟು ಅವನಿಗೆ ಇಷ್ಟ. 1816ರಲ್ಲಿ ಶೂಬರ್ಟ್‌ನ ಗೆಳೆಯರು ಈ ಹಾಡನ್ನೂ ಸೇರಿಸಿ ಹಾಡುಗಳ ಒಂದು ಕಟ್ಟು ಗಯಟೆಗೆ ಕಳಿಸಿದರು. ಕಟ್ಟು ವಾಪಸ್ ಬಂತು, ಜೊತೆಗೆ ಒಂದು ಮಾತೂ ಬರಲಿಲ್ಲ.

ಗಯಟೆಯ ಮನಸ್ಸು ನನಗೆ ಅರ್ಥವಾಗುತ್ತದೆ. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ ಅವರ ಸಾಲುಗಳನ್ನು ಕಾಳಿಂಗರಾಯರ, ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಕೇಳಿ ಬೆಳೆದವನು ನಾನು. ನಮ್ಮಲ್ಲಿ ಮಾತು ಎಂದೂ ಮಸುಕಾಗಬಾರದು. ಒಂದೇ ಸಾಲನ್ನು ನಾಲ್ಕು ಥರ ತಿರುಗಿಸಿ ಹಾಡುವ ಸ್ವಾತಂತ್ರ್ಯವೂ ನಮಗಿದೆ. ಲೀಡ್‌ನಲ್ಲಿ ಬರೆದ ಸ್ವರ ಬಿಟ್ಟು ಆಚೀಚೆ ಹೋಗುವ ಹಾಗಿಲ್ಲ. ಆ ಸ್ವಾತಂತ್ರ್ಯವನ್ನು ನಾನಂತೂ ಬಿಟ್ಟುಕೊಡಲಾರೆ. ಅಷ್ಟಕ್ಕೂ ಶೂಬರ್ಟ್ ಕೂಡ ಕವಿತೆ ಮುಗಿದ ಮೇಲೆ ಮೊದಲ ಸಾಲನ್ನು ತಾನಾಗಿ ಮತ್ತೆ ತಂದ, ನಾವು ಪಲ್ಲವಿಗೆ ಮರಳುತ್ತೇವಲ್ಲ, ಹಾಗೆ.

ನನ್ನ ಕೊರಗು ಬೇರೆ. ನಮ್ಮಲ್ಲಿ ಎರಡು ನುಡಿಯ ನಡುವೆ ಬರುವ ಕೊಳಲು, ಕೀಬೋರ್ಡ್ ಎಷ್ಟೋ ಸಲ ಸುಮ್ನೆ ಜಾಗ ತುಂಬುತ್ತವೆ. ಒಂದು ಹಾಡಿನದನ್ನು ತೆಗೆದು ಇನ್ನೊಂದಕ್ಕೆ ಇಟ್ಟರೂ ನಡೆಯುತ್ತದೆ. ಗ್ರೆಟ್‌ಶೆನ್‌ಳ ರಾಟೆಯನ್ನು ಹಾಗೆ ಎತ್ತಿಡಲು ಆಗುವುದಿಲ್ಲ. ಇದು ನಮಗೆ ಹೊಸದೂ ಅಲ್ಲ. ಹಳ್ಳಿಯ ಹೆಂಗಸರು ಬೀಸುವ ಪದ ಹಾಡುವಾಗ ಕಲ್ಲಿನ ಗುರುಗುರು ಹಾಡಿನದೇ ಪಾಲಾಗಿತ್ತು ಅಲ್ವಾ? ಹೊಸದಾಗಿ ಭಾವಗೀತೆಗೆ ರಾಗ ಹಾಕುವವರು ಕವಿತೆಯನ್ನು ಹಾಡುವವರಿಗೆ ಕೊಟ್ಟ ಹಾಗೆ ತಬಲಾದವರಿಗೂ ಹಾರ್ಮೋನಿಯಂನವರಿಗೂ ಕೊಡಲಿ. ಎಲ್ಲಿ ನುಡಿಸಬೇಕು ಅನ್ನುವುದರ ಜೊತೆಗೆ ಎಲ್ಲಿ ಕೈ ನಿಲ್ಲಿಸಬೇಕು ಅಂತಲೂ ಅವರು ಕೂತು ಯೋಚಿಸಲಿ.