ಯಂತ್ರದ ಆಯಸ್ಸನ್ನು ವರ್ಷಗಳಲ್ಲಿ ಅಳೆಯುವುದು ಸರಿಯಲ್ಲ

‘5 ವರ್ಷ ದಾಟಿದ ಕಳೆ ಕೊಚ್ಚುವ ಯಂತ್ರಕ್ಕೆ ದುಡ್ಡು ಸುರಿಯುವ ಬದಲು ಹೊಸದನ್ನು ಕೊಳ್ಳಿ’ ಎಂದು ಲೇಖನವೊಂದರಲ್ಲಿ ಲೇಖಕರು ಕೊಟ್ಟ ಸಲಹೆಯನ್ನು ನಾನು ಒಪ್ಪಲಾರೆ. ಎರಡು ಎಕರೆ ಅಡಿಕೆ ತೋಟದಲ್ಲಿ ವರ್ಷಕ್ಕೆ ಎರಡು ಸಲ ಓಡುವ ಯಂತ್ರವೂ ಬಾಡಿಗೆಗೆ ದಿನವಿಡೀ ದುಡಿಯುವ ಯಂತ್ರವೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲ. ನನ್ನ 8 ವರ್ಷದ ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ) ಯಂತ್ರ ಕಳೆದ ಜೂನ್‌ನಲ್ಲಿ ಸ್ಟಾರ್ಟ್ ಆಗದೆ ಕೈಕೊಟ್ಟಾಗ, ಅಂಗಡಿಯವರು ‘ಇನ್ನಿದು ಗುಜರಿಗೇ’ ಎಂದಿದ್ದರು. ಬಿಚ್ಚಿ ನೋಡಿದರೆ, ಬೇಸಿಗೆಯುದ್ದಕ್ಕೂ ಟ್ಯಾಂಕಿನಲ್ಲೇ ಉಳಿದಿದ್ದ ಎಥೆನಾಲ್ ಮಿಶ್ರಿತ ಪೆಟ್ರೋಲಿನಿಂದ ಕಾರ್ಬುರೇಟರಿನ (ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಕೊಡುವ ಭಾಗ) ಡಯಾಫ್ರಾಮ್ ಎಂಬ ತೆಳು ಪೊರೆ ಒಣಗಿದ ಹಪ್ಪಳದಂತೆ ಸೆಟೆದುಕೊಂಡಿತ್ತು. ಅದನ್ನೂ ಪೆಟ್ರೋಲ್ ಪೈಪನ್ನೂ ಬದಲಿಸಿದ್ದಕ್ಕೆ ಹೊಸ ಯಂತ್ರದ ಬೆಲೆಯ ಹತ್ತರಲ್ಲೊಂದು ಪಾಲೂ ತಗುಲಲಿಲ್ಲ.

ನಿಜಕ್ಕೂ ನೋಡಬೇಕಾದದ್ದು ಸೈಲೆನ್ಸರ್ ಕಳಚಿದಾಗ ಕಾಣುವ ಪಿಸ್ಟನ್ನಿನ ಮೈಯನ್ನು. ಅದು ನುಣುಪಾಗಿದ್ದರೆ ದುರಸ್ತಿಗೆ ಹಿಂಜರಿಯಬೇಕಿಲ್ಲ. ಉದ್ದುದ್ದ ಗೀರುಗಳು ಬಿದ್ದಿದ್ದರೆ (ಹೆಚ್ಚಿನ ಯಂತ್ರಗಳಿಗೆ ಲೀಟರ್ ಪೆಟ್ರೋಲಿಗೆ ಬೇಕಾದ 20 ಮಿ.ಲೀ. ಆಯಿಲ್ ಬೆರೆಸಲು ಮರೆಯುವವರಲ್ಲಿ ಇದು ಸಾಮಾನ್ಯ) ಪಿಸ್ಟನ್ ಓಡಾಡುವ ಸಿಲಿಂಡರನ್ನೂ ಬದಲಿಸಬೇಕಾಗಬಹುದು, ಆಗ ಮಾತ್ರ ಲೇಖಕರ ಲೆಕ್ಕ ಸರಿಹೋಗುತ್ತದೆ. ಬಿಡಿಭಾಗಗಳೇ ಸಿಗದ, ಹೆಸರಿಲ್ಲದ ಅಗ್ಗದ ಯಂತ್ರಗಳ ಮಾತು ಬೇರೆ. ಅವುಗಳಿಗೆ ಎರಡನೇ ಮಳೆಗಾಲದಲ್ಲೇ ಮುಪ್ಪು ಬಂದಿರುತ್ತದೆ.